ಬಾಗಿಲಿಗೆ ಒರಗಿ ಅತ್ತ ಶಿಷ್ಯ



ನಮ್ಮ ಹಿರಿಯ ಗುರುಗಳ ಪುಣ್ಯಸ್ಮರಣೆಗಾಗಿ ಈ ಸಂಜೆ ನಾವೆಲ್ಲ ಕೂಡಿದ್ದೇವೆ. ಅವರು ಲಿಂಗೈಕ್ಯರಾದಂದಿನಿಂದ ನಮ್ಮ ಹತ್ತಿರ ಬಂದ ಭಕ್ತರ ಬಾಯಲ್ಲಿ ಒಂದೇ ಮಾತನ್ನು ಮತ್ತೆ ಮತ್ತೆ ಕೇಳಿದ್ದೇವೆ. "ಅಪ್ಪಾವರೇ, ಇನ್ನು ನಮಗೆ ಯಾರು ದಿಕ್ಕು?" ಎನ್ನುತ್ತಾರೆ. ಕೆಲವರು ಬಾಯಿಬಿಟ್ಟು ಹೇಳುತ್ತಾರೆ, ಕೆಲವರು ಗದ್ದುಗೆಯ ಮುಂದೆ ಸುಮ್ಮನೆ ಕುಳಿತು ಕಣ್ಣೊರೆಸಿಕೊಂಡು ಹೋಗುತ್ತಾರೆ. ಇದಕ್ಕೆ ಏನು ಹೇಳಬೇಕೆಂಬುದು ನಮಗೂ ಬಹಳ ದಿನ ತಿಳಿಯಲಿಲ್ಲ. ಏಕೆಂದರೆ ಅದು ನಮ್ಮದೇ ಪ್ರಶ್ನೆಯೂ ಆಗಿತ್ತು.

ಮನುಷ್ಯನಿಗೆ ದಾರಿ ಕಾಣದಾಗ, ಹಿಂದೆ ಆ ದಾರಿಯಲ್ಲಿ ನಡೆದವರ ಹೆಜ್ಜೆಗಳನ್ನು ಹುಡುಕಬೇಕು. ಇತಿಹಾಸವನ್ನು ಓದುವುದು ಅದಕ್ಕಾಗಿಯೇ. ಎರಡು ಸಾವಿರ ವರ್ಷಗಳಿಗೂ ಬಹಳ ಹಿಂದೆ ಒಬ್ಬ ಶಿಷ್ಯ ಇದೇ ಪ್ರಶ್ನೆಯನ್ನು ಹೊತ್ತು ಗುರುವಿನ ಹಾಸಿಗೆಯ ಪಕ್ಕದಲ್ಲಿ ನಿಂತಿದ್ದ. ಅವನ ಹೆಸರು ಆನಂದ. ಅವನ ಗುರು ಭಗವಾನ್ ಬುದ್ಧರು. ಆ ಗುರುವಿನ ಕೊನೆಯ ದಿನಗಳಲ್ಲಿ ಆ ಶಿಷ್ಯ ಏನು ಕಲಿತ, ಏನನ್ನು ಕಲಿಯಲಾರದೆ ಹೋದ, ಕಲಿಯದೆ ಉಳಿದದ್ದನ್ನು ಆಮೇಲೆ ಹೇಗೆ ಕಲಿತ ಎಂಬುದನ್ನು ಇಂದು ನಿಮ್ಮ ಮುಂದೆ ಇಡಬಯಸುತ್ತೇವೆ.

ಈ ವೃತ್ತಾಂತ ಪಾಳಿ ಭಾಷೆಯ ದೀಘನಿಕಾಯದಲ್ಲಿ ಹದಿನಾರನೆಯ ಸೂತ್ರವಾಗಿ ಬಂದಿದೆ. ಮಹಾಪರಿನಿಬ್ಬಾಣ ಸುತ್ತ ಎಂದು ಅದರ ಹೆಸರು. ಸಂಸ್ಕೃತದಲ್ಲಿಯೂ ಚೀನೀ ಅನುವಾದಗಳಲ್ಲಿಯೂ ಇದರ ಬೇರೆ ಪಾಠಗಳು ಉಳಿದಿವೆ. ಬುದ್ಧರ ನಿರ್ವಾಣದ ವರ್ಷದ ಬಗ್ಗೆ ಒಮ್ಮತವಿಲ್ಲ. ಸಿಂಹಳದ ಸಂಪ್ರದಾಯ ಕ್ರಿ.ಪೂ. ೫೪೪ ಎನ್ನುತ್ತದೆ, ಆ ಲೆಕ್ಕದಂತೆಯೇ ೧೯೫೬ರಲ್ಲಿ ನಮ್ಮ ದೇಶವು ಎರಡು ಸಾವಿರದ ಐನೂರನೆಯ ಬುದ್ಧಜಯಂತಿಯನ್ನು ಆಚರಿಸಿತು. ಇತಿಹಾಸಕಾರರು ಬಹುಕಾಲ ಕ್ರಿ.ಪೂ. ೪೮೩ ಎಂದರು, ಈಚಿನ ವಿದ್ವಾಂಸರಲ್ಲಿ ಅನೇಕರು ಅದನ್ನು ಕ್ರಿ.ಪೂ. ೪೦೦ರ ಆಸುಪಾಸಿಗೆ ತರುತ್ತಾರೆ. ವರ್ಷ ಯಾವುದೇ ಇರಲಿ, ಆಗ ಬುದ್ಧರಿಗೆ ಎಂಬತ್ತು ವರ್ಷ ಎಂಬುದನ್ನು ಆ ಗ್ರಂಥವೇ ಹೇಳುತ್ತದೆ.

ಮೊದಲು ಆನಂದ ಯಾರೆಂಬುದನ್ನು ನೋಡೋಣ. ಅವನು ಶಾಕ್ಯಕುಲದವನು, ಬುದ್ಧರ ಚಿಕ್ಕಪ್ಪನ ಮಗನೆಂದು ಪರಂಪರೆ ಹೇಳುತ್ತದೆ. ಇಪ್ಪತ್ತೈದು ವರ್ಷ ನೆರಳಿನಂತೆ ಗುರುವಿನ ಹಿಂದೆ ಇದ್ದವನು. ನೀರು ತರುವುದು, ಪಾತ್ರೆ ಹಿಡಿಯುವುದು, ಬಂದವರನ್ನು ವೇಳೆ ನೋಡಿ ಒಳಗೆ ಬಿಡುವುದು, ಎಲ್ಲವೂ ಅವನದೇ. ಈ ಸೇವೆಯನ್ನು ಒಪ್ಪಿಕೊಳ್ಳುವ ಮೊದಲು ಅವನು ಎಂಟು ಷರತ್ತು ಹಾಕಿದನಂತೆ. ತಮಗೆ ಬಂದ ಒಳ್ಳೆಯ ಬಟ್ಟೆಯನ್ನು ನನಗೆ ಕೊಡಕೂಡದು, ಒಳ್ಳೆಯ ಅನ್ನವನ್ನು ನನಗೆ ನೀಡಕೂಡದು ಎಂಬಂಥವು ಅದರಲ್ಲಿ ಕೆಲವು. ಲಾಭಕ್ಕಾಗಿ ಗುರುವಿನ ಹತ್ತಿರ ಇದ್ದಾನೆಂದು ಯಾರೂ ಅನ್ನಬಾರದು, ನೋಡಿ! ಇನ್ನೊಂದು ಷರತ್ತು ಮುಖ್ಯವಾದದ್ದು: ನಾನಿಲ್ಲದಾಗ ಎಲ್ಲಿಯಾದರೂ ಉಪದೇಶ ಮಾಡಿದರೆ ಬಂದು ಅದನ್ನು ನನಗೆ ಮತ್ತೊಮ್ಮೆ ಹೇಳಬೇಕು. ಹೀಗೆ ಕೇಳಿದ ಒಂದೊಂದು ಮಾತನ್ನೂ ಅವನು ನೆನಪಿನಲ್ಲಿ ಇಟ್ಟುಕೊಂಡ. ಈ ಮಠದ ಪ್ರವಚನಗಳನ್ನು ನೀವು ಧ್ವನಿಮುದ್ರಿಸಿಕೊಂಡು ಬರೆದು ಅಚ್ಚು ಹಾಕಿಸುತ್ತೀರಲ್ಲ, ಆ ಕೆಲಸವನ್ನು ಅಂದು ಯಂತ್ರವಿಲ್ಲದೆ, ಲೇಖನಿಯಿಲ್ಲದೆ ಮಾಡಿದವನು ಆನಂದ.

ಇಂಥ ಶಿಷ್ಯನಿಗೆ ಒಂದು ಕೊರತೆ ಇತ್ತು. ಗುರುವಿನ ಮಾತೆಲ್ಲ ಬಾಯಿಗೆ ಬಂದಿತ್ತು, ಬಿಡುಗಡೆ ಮಾತ್ರ ಬಂದಿರಲಿಲ್ಲ. ಅವನಿಗಿಂತ ತಡವಾಗಿ ಬಂದವರು ಅರ್ಹಂತರಾಗಿದ್ದರು. ಅವನು ಇನ್ನೂ ಕಲಿಯುವವನಾಗಿಯೇ ಉಳಿದಿದ್ದ. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ಹಾಗೆ.

ಕೊನೆಯ ಯಾತ್ರೆ ರಾಜಗೃಹದಿಂದ ಹೊರಟಿತು. ನಾಲಂದ, ಪಾಟಲಿಗ್ರಾಮ ದಾಟಿ, ಗಂಗೆಯನ್ನು ದಾಟಿ ವೈಶಾಲಿಗೆ ಬಂದರು. ಅಲ್ಲಿ ಆಮ್ರಪಾಲಿ ಎಂಬ ಗಣಿಕೆಯ ಮಾವಿನ ತೋಪಿನಲ್ಲಿ ಇಳಿದುಕೊಂಡು, ಲಿಚ್ಛವಿ ರಾಜಕುಮಾರರಿಗಿಂತ ಮೊದಲು ಕರೆದಳೆಂದು ಅವಳ ಮನೆಯ ಊಟವನ್ನೇ ಒಪ್ಪಿಕೊಂಡರು. ಮಳೆಗಾಲ ಬಂತು. ಭಿಕ್ಷುಗಳೆಲ್ಲ ವೈಶಾಲಿಯ ಸುತ್ತಮುತ್ತ ಪರಿಚಯದವರಿದ್ದಲ್ಲಿ ಉಳಿಯಲೆಂದು ಹೇಳಿ, ತಾವು ಬೇಲುವ ಎಂಬ ಸಣ್ಣ ಹಳ್ಳಿಯಲ್ಲಿ ಉಳಿದರು. ಅಲ್ಲಿ ಪ್ರಾಣ ಹೋಗುವಂಥ ಬೇನೆ ಬಂತು. ಶಿಷ್ಯರಿಗೆ ಹೇಳದೆ ಹೋಗುವುದು ತರವಲ್ಲವೆಂದು ಮನೋಬಲದಿಂದ ಅದನ್ನು ತಡೆದು ಎದ್ದು ಕುಳಿತರು.

ಆಗ ಆನಂದ ಹತ್ತಿರ ಬಂದು ತನ್ನ ಮನಸ್ಸನ್ನು ತೋಡಿಕೊಂಡ. ತಮ್ಮ ಬೇನೆ ನೋಡಿ ನನಗೆ ದಿಕ್ಕುಗಳೇ ಕಾಣದಾದವು. ಆದರೂ ಸಂಘಕ್ಕೆ ಕೊನೆಯದಾಗಿ ಏನಾದರೂ ಹೇಳದೆ ತಾವು ಹೋಗಲಾರಿರಿ ಎಂಬ ಒಂದು ಧೈರ್ಯವಿತ್ತು ಎಂದ. ಬಂಧುಗಳೇ, ಈ ಮಾತಿನಲ್ಲಿ ಪ್ರೀತಿಯಿದೆ. ಅದರೊಳಗೆ ಒಂದು ಆಸೆಯೂ ಅಡಗಿದೆ. ಗುರುವು ಇನ್ನೂ ಏನನ್ನೋ ಹೇಳದೆ ಇಟ್ಟುಕೊಂಡಿದ್ದಾನೆ, ಕೊನೆಯ ಗಳಿಗೆಯಲ್ಲಿ ಅದನ್ನು ಕಿವಿಯಲ್ಲಿ ಹೇಳುತ್ತಾನೆ, ಆಮೇಲೆ ನಮಗೆ ಎಲ್ಲವೂ ಸುಲಭವಾಗುತ್ತದೆ ಎಂಬ ಆಸೆ.

ಬುದ್ಧರು ಆ ಆಸೆಯನ್ನು ಅಲ್ಲಿಯೇ ಮುರಿದರು. ಸಂಘವು ನನ್ನಿಂದ ಇನ್ನೇನನ್ನು ನಿರೀಕ್ಷಿಸುತ್ತದೆ ಎಂದು ಕೇಳಿದರು. ಒಳಗಿನವರಿಗೊಂದು ಹೊರಗಿನವರಿಗೊಂದು ಎಂದು ಬೇರೆ ಮಾಡದೆ ಉಪದೇಶಿಸಿದ್ದೇನೆ, ಮುಷ್ಟಿ ಬಿಗಿಹಿಡಿದುಕೊಂಡು ಏನನ್ನೂ ಬಚ್ಚಿಟ್ಟಿಲ್ಲ ಎಂಬುದು ಅವರ ಉತ್ತರದ ಸಾರ. ತಮ್ಮ ದೇಹವನ್ನು ಅವರು ಹಳೆಯ ಬಂಡಿಗೆ ಹೋಲಿಸಿದರು. ಪಟ್ಟಿ ಕಟ್ಟಿ ಕಟ್ಟಿ ಹೇಗೋ ಎಳೆದುಕೊಂಡು ಹೋಗುವ ಬಂಡಿ. ಆದ್ದರಿಂದ ನಿಮಗೆ ನೀವೇ ಆಸರೆಯಾಗಿರಿ, ಧರ್ಮವನ್ನು ಆಸರೆಯಾಗಿ ಹಿಡಿಯಿರಿ, ಬೇರೆ ಆಸರೆಯನ್ನು ಹುಡುಕಬೇಡಿ ಎಂದು ತಿಳಿಸಿದರು.

ಈ ಮುಷ್ಟಿಯ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ನಮ್ಮ ಹಳ್ಳಿಗಳಲ್ಲಿ ನಾಟಿವೈದ್ಯರಿದ್ದರು. ಹಾವಿನ ವಿಷಕ್ಕೆ, ಕಾಮಾಲೆಗೆ ಬೇರು ಕೊಡುತ್ತಿದ್ದರು. ಯಾವ ಬೇರೆಂದು ಹೆತ್ತ ಮಗನಿಗೂ ಹೇಳುತ್ತಿರಲಿಲ್ಲ. ಸಾಯುವಾಗ ಹೇಳಿದರಾಯಿತು ಎನ್ನುತ್ತಿದ್ದರು. ಸಾವು ಹೇಳಿ ಬರುತ್ತದೆಯೇ? ಗುಣವಿತ್ತೋ ಇಲ್ಲವೋ, ಆ ವಿದ್ಯೆ ಅವರೊಂದಿಗೇ ಮಣ್ಣಾಯಿತು. ಏಕೆ ಬಚ್ಚಿಟ್ಟರು? ತಿಳಿಸಿಬಿಟ್ಟರೆ ನನ್ನನ್ನು ಯಾರು ಕೇಳುತ್ತಾರೆ ಎಂಬ ಭಯ. ತನ್ನ ಅಗತ್ಯ ಮುಗಿಯಬಾರದೆಂದು ಬಯಸುವವನು ಮುಷ್ಟಿ ಹಿಡಿಯುತ್ತಾನೆ. ತನ್ನ ಅಗತ್ಯ ಬೇಗ ಮುಗಿಯಲೆಂದು ದುಡಿಯುವವನು ಗುರು. ಮಗುವಿಗೆ ನಡೆ ಕಲಿಸುವ ತಾಯಿ ಬೆರಳು ಕೊಡುತ್ತಾಳೆ, ಒಂದು ದಿನ ಬಿಡಿಸಿಕೊಳ್ಳುತ್ತಾಳೆ. ಬಿಡಿಸಿಕೊಂಡದ್ದಕ್ಕೆ ಮಗು ಅಳುತ್ತದೆ. ಅವಳಿಗೆ ಪ್ರೀತಿ ಕಡಿಮೆಯಾಯಿತೇನು?

ವೈಶಾಲಿಯನ್ನು ಬಿಟ್ಟು ಪಾವಾ ಎಂಬ ಊರಿಗೆ ಬಂದಾಗ ಚುಂದ ಎಂಬ ಕಮ್ಮಾರ ಊಟಕ್ಕೆ ಕರೆದ. ಅವನು ಬಡಿಸಿದ ಒಂದು ಪದಾರ್ಥವನ್ನು ಬುದ್ಧರು ತಾವು ಮಾತ್ರ ಸ್ವೀಕರಿಸಿ, ಉಳಿದದ್ದನ್ನು ಹೂಳಿಸಿದರು. ಆ ಪದಾರ್ಥ ಏನೆಂಬುದರ ಬಗ್ಗೆ ಪಂಡಿತರ ವಾದ ಇನ್ನೂ ಮುಗಿದಿಲ್ಲ. ನಮಗೆ ಆ ವಾದ ಬೇಡ. ಊಟವಾದ ಮೇಲೆ ರಕ್ತಭೇದಿ ಹಿಡಿಯಿತು. ಅದೇ ಬೇನೆಯಲ್ಲಿ ಕುಶಿನಗರದ ಕಡೆಗೆ ನಡೆದರು.

ದಾರಿಯಲ್ಲಿ ಅವರಿಗೆ ನೆನಪಾದದ್ದು ಚುಂದ. ನಿನ್ನ ಮನೆಯ ಊಟದಿಂದಲೇ ಗುರುಗಳು ಹೋದರು ಎಂದು ನಾಳೆ ಜನ ಅವನನ್ನು ಅನ್ನಬಹುದು, ಅವನೇ ಕೊರಗಿ ಸೊರಗಬಹುದು. ಆದ್ದರಿಂದ ಆನಂದನನ್ನು ಕರೆದು, ಅವನ ಸಂಕಟವನ್ನು ನೀನು ಪರಿಹರಿಸಬೇಕೆಂದು ಅಪ್ಪಣೆ ಮಾಡಿದರು. ಬುದ್ಧತ್ವ ಪಡೆಯುವ ಮುಂಚೆ ಉಂಡ ಅನ್ನ ಮತ್ತು ನಿರ್ವಾಣದ ಮುಂಚೆ ಉಂಡ ಅನ್ನ, ಇವೆರಡೂ ಸಮಾನ ಪುಣ್ಯದವು ಎಂದು ಅವನಿಗೆ ತಿಳಿಸಬೇಕೆಂದರು. ಹೊಟ್ಟೆಯಲ್ಲಿ ಉರಿ ಬಿದ್ದಿರುವಾಗ, ಅನ್ನವಿಟ್ಟವನ ಮನಸ್ಸು ನೋಯದಿರಲಿ ಎಂದು ಚಿಂತಿಸುವ ಹೃದಯ ಎಂಥದು! ನಮಗೆ ಸ್ವಲ್ಪ ಜ್ವರ ಬಂದರೆ ನಿನ್ನೆ ಯಾರ ಮನೆಯಲ್ಲಿ ಉಂಡೆವು ಎಂದು ಹುಡುಕುತ್ತೇವೆ. ದಾಸೋಹದ ಅರ್ಥ ತಿಳಿದವರು ಈ ಪ್ರಸಂಗವನ್ನು ಮರೆಯಬಾರದು. ಬಡಿಸಿದವನ ಗೌರವವನ್ನು ಉಳಿಸುವುದೂ ಉಂಡವನ ಕರ್ತವ್ಯ.

ಅದೇ ದಾರಿಯಲ್ಲಿ ಇನ್ನೊಂದು ಸಂಗತಿ. ಆಯಾಸದಿಂದ ಮರದ ಕೆಳಗೆ ಕುಳಿತು ಕುಡಿಯಲು ನೀರು ಕೇಳಿದರು. ಆನಂದ ಹಿಂಜರಿದ. ಈಗತಾನೆ ಐನೂರು ಬಂಡಿಗಳು ಹಳ್ಳ ದಾಟಿವೆ, ನೀರು ಕದಡಿದೆ, ಮುಂದೆ ತಿಳಿನೀರಿನ ನದಿಯಿದೆ ಎಂದ. ಅವನು ಹೇಳಿದ್ದು ಸರಿಯೇ. ಆದರೆ ಬಾಯಾರಿದವರು ಮೂರು ಸಲ ಕೇಳಬೇಕಾಯಿತು. ಕೊನೆಗೆ ಹೋಗಿ ನೋಡಿದರೆ ನೀರು ತಿಳಿಯಾಗಿ ಹರಿಯುತ್ತಿತ್ತು.

ಇದನ್ನು ಓದಿದಾಗಲೆಲ್ಲ ನಮಗೆ ನಮ್ಮ ತಪ್ಪು ನೆನಪಾಗುತ್ತದೆ. ಇಂದು ಹೇಳಿಬಿಡುತ್ತೇವೆ. ನಮ್ಮ ಗುರುಗಳು ಹಾಸಿಗೆ ಹಿಡಿದಾಗ ನಾವು ಒಂದು ನೋಟುಬುಕ್ಕು ಇಟ್ಟುಕೊಂಡು ಪಕ್ಕದಲ್ಲಿ ಕೂಡುತ್ತಿದ್ದೆವು. ಅವರ ಕೊನೆಯ ಮಾತುಗಳು ಒಂದೂ ತಪ್ಪಬಾರದೆಂಬ ಹಂಬಲ. ಒಂದು ಮಧ್ಯಾಹ್ನ ಅವರು ಮೆಲ್ಲಗೆ ಏನೋ ಅಂದರು. ನಾವು ಕಿವಿಗೊಟ್ಟು, ಅದಕ್ಕೊಂದು ತತ್ತ್ವಾರ್ಥ ಇರಬೇಕೆಂದು ಬರೆಯತೊಡಗಿದೆವು. ಅಡುಗೆಮನೆಯ ಹುಡುಗ ಬಾಗಿಲಲ್ಲಿ ನಿಂತಿದ್ದವನು, "ಅಪ್ಪಾವರಿಗೆ ನೀರು ಬೇಕಂತೆ" ಎಂದ. ಹೌದು, ಅವರು ಕೇಳಿದ್ದು ನೀರು. ಓದುಬರಹ ಕಡಿಮೆಯಿದ್ದ ಆ ಹುಡುಗನಿಗೆ ಕೇಳಿಸಿದ್ದು ಪಕ್ಕದಲ್ಲಿ ಕುಳಿತ ನಮಗೆ ಕೇಳಿಸಲಿಲ್ಲ. ಗುರುಗಳು ನೀರು ಕುಡಿದು ನಮ್ಮ ನೋಟುಬುಕ್ಕನ್ನು ನೋಡಿ ನಕ್ಕರು. ಏನೂ ಅನ್ನಲಿಲ್ಲ. ಆ ನಗೆಯನ್ನು ಬರೆದುಕೊಳ್ಳಲು ನಮ್ಮಿಂದ ಆಗಲಿಲ್ಲ. ಅದನ್ನು ಮರೆಯಲೂ ಆಗಿಲ್ಲ.

ಹಿರಣ್ಯವತಿ ನದಿಯನ್ನು ದಾಟಿ ಕುಶಿನಗರದ ಮಲ್ಲರ ಸಾಲವನಕ್ಕೆ ಬಂದರು. ಎರಡು ಸಾಲವೃಕ್ಷಗಳ ನಡುವೆ ಉತ್ತರಕ್ಕೆ ತಲೆಯಿಟ್ಟು ಬಲಮಗ್ಗುಲಲ್ಲಿ ಮಲಗಿದರು. ಅಕಾಲದಲ್ಲಿ ಮರಗಳು ಹೂ ಸುರಿದವೆಂದು ಗ್ರಂಥ ಹೇಳುತ್ತದೆ. ಆಗ ಬುದ್ಧರು, ಇದು ನನಗೆ ಸಲ್ಲುವ ನಿಜವಾದ ಪೂಜೆಯಲ್ಲ, ಧರ್ಮದಂತೆ ನಡೆಯುವವನೇ ನನ್ನನ್ನು ಪೂಜಿಸಿದವನು ಎಂಬರ್ಥದಲ್ಲಿ ಹೇಳಿದರು. ತಮ್ಮ ದೇಹದ ಸಂಸ್ಕಾರದ ಚಿಂತೆ ಭಿಕ್ಷುಗಳಿಗೆ ಬೇಡ, ನೀವು ನಿಮ್ಮ ಸಾಧನೆ ನೋಡಿಕೊಳ್ಳಿ ಎಂದೂ ಎಚ್ಚರಿಸಿದರು.

ಇಲ್ಲಿ ಆನಂದನ ಧೈರ್ಯ ಕುಸಿಯಿತು. ಅವನು ಮೆಲ್ಲನೆ ಎದ್ದು ವಿಹಾರದೊಳಗೆ ಹೋಗಿ ಬಾಗಿಲ ಚೌಕಟ್ಟಿಗೆ ಒರಗಿ ಅತ್ತ. ನಾನಿನ್ನೂ ಕಲಿಯಬೇಕಾದವನು, ನನ್ನ ಮೇಲೆ ಕರುಣೆಯಿಟ್ಟ ಗುರು ಹೋಗುತ್ತಿದ್ದಾರಲ್ಲ ಎಂಬುದು ಅವನ ಅಳಲು. ಹಾಸಿಗೆಯ ಮೇಲಿದ್ದ ಬುದ್ಧರು ಸುತ್ತ ನೋಡಿ ಆನಂದ ಎಲ್ಲಿ ಎಂದು ಕೇಳಿದರು. ಅಳುತ್ತಿದ್ದಾನೆಂದು ತಿಳಿದು ಕರೆಕಳಿಸಿದರು. ಪ್ರಿಯವಾದದ್ದೆಲ್ಲ ಅಗಲುವಂಥದೆಂದು ಮೊದಲೇ ಹೇಳಿರಲಿಲ್ಲವೇ ಎಂದು ನೆನಪಿಸಿದರು. ಬಹುಕಾಲ ಮೈಯಿಂದ, ಮಾತಿನಿಂದ, ಮನಸ್ಸಿನಿಂದ ಪ್ರೀತಿಯ ಸೇವೆ ಮಾಡಿದ್ದೀಯೆ, ಪ್ರಯತ್ನ ಮಾಡು, ನಿನಗೂ ಬೇಗ ಬಿಡುಗಡೆಯಾಗುತ್ತದೆ ಎಂದು ಭರವಸೆ ಕೊಟ್ಟರು. ಅಷ್ಟೇ ಅಲ್ಲ, ನೆರೆದ ಎಲ್ಲರ ಎದುರಿಗೆ ಅವನ ಗುಣಗಳನ್ನು ಹೊಗಳಿದರು. ಸಾಯುವವರನ್ನು ಇರುವವರು ಸಮಾಧಾನಪಡಿಸುವುದು ಲೋಕರೂಢಿ. ಇಲ್ಲಿ ಹೋಗುವವರೇ ಉಳಿಯುವವನ ಕಣ್ಣೀರು ಒರೆಸಿದರು.

ಆ ರಾತ್ರಿ ಸುಭದ್ರನೆಂಬ ಪರಿವ್ರಾಜಕ ಒಂದು ಸಂಶಯ ಕೇಳಲು ಬಂದ. ಗುರುಗಳಿಗೆ ಆಯಾಸವಾಗಿದೆ, ತೊಂದರೆ ಕೊಡಬೇಡ ಎಂದು ಆನಂದ ಮೂರು ಸಲ ತಡೆದ. ಬುದ್ಧರಿಗೆ ಆ ಮಾತು ಕೇಳಿಸಿತು. ಅವನು ತಿಳಿಯಲು ಬಂದಿದ್ದಾನೆ, ಕಾಡಲು ಬಂದಿಲ್ಲ, ಬಿಡು ಎಂದರು. ಆ ಸುಭದ್ರನೇ ಅವರ ಎದುರಿನಲ್ಲಿ ದೀಕ್ಷೆ ಪಡೆದ ಕೊನೆಯ ಶಿಷ್ಯ. ಬಾಗಿಲು ಕಾಯುವವರೆಲ್ಲ ಇದನ್ನು ಗಮನಿಸಬೇಕು. ಗುರುವಿನ ಮೇಲಿನ ಪ್ರೀತಿಯಿಂದಲೇ ಆನಂದ ತಡೆದ. ಆದರೆ ಗುರುವಿನ ಬಾಗಿಲು ಆಗಲೂ ತೆರೆದೇ ಇತ್ತು.

ಕೊನೆಗೆ ಎಲ್ಲ ಭಿಕ್ಷುಗಳಿಗೂ, ಸಂಶಯವಿದ್ದರೆ ಈಗಲೇ ಕೇಳಿ ಎಂದು ಮೂರು ಸಲ ಹೇಳಿದರು. ಯಾರೂ ಬಾಯಿ ಬಿಡಲಿಲ್ಲ. ನನ್ನ ಮೇಲಿನ ಗೌರವದಿಂದ ಸುಮ್ಮನಿದ್ದರೆ, ಸ್ನೇಹಿತ ಸ್ನೇಹಿತನಿಗೆ ಹೇಳಲಿ, ಅವನು ಕೇಳಲಿ ಎಂದರು. ಎಂಥ ಸೂಕ್ಷ್ಮ! ತಮ್ಮ ನಂತರ ಇಂಥವನೇ ಗುರುವೆಂದು ಯಾರನ್ನೂ ನೇಮಿಸಲಿಲ್ಲ. ಕಲಿಸಿದ ಧರ್ಮ ಮತ್ತು ನಿಯಮಗಳೇ ನಿಮ್ಮ ಗುರು ಎಂದರು. ಹುಟ್ಟಿದ್ದು ಅಳಿಯುತ್ತದೆ, ಎಚ್ಚರದಿಂದ ಸಾಧಿಸಿರಿ ಎಂಬ ಅರ್ಥದ ಮಾತು ಹೇಳಿ ಮೌನವಾದರು.

ಆಮೇಲೆ ಏನಾಯಿತು? ಚಿತೆ ಆರಿದ ಬಳಿಕ ಅಸ್ಥಿಗಾಗಿ ರಾಜರೂ ಗಣಗಳೂ ಕುಶಿನಗರಕ್ಕೆ ಬಂದರು. ನಮಗೆ ಪಾಲು ಬೇಕೆಂದರು, ಮಲ್ಲರು ಕೊಡುವುದಿಲ್ಲವೆಂದರು. ಶಾಂತಿಯನ್ನು ಬೋಧಿಸಿದವರ ಅಸ್ಥಿಗಾಗಿ ಯುದ್ಧವಾಗುವ ಹೊತ್ತು. ದ್ರೋಣನೆಂಬ ಬ್ರಾಹ್ಮಣ ಬುದ್ಧಿ ಹೇಳಿ ಎಂಟು ಪಾಲು ಮಾಡಿ ಕೊಟ್ಟ. ಗುರುವಿನ ಅಸ್ಥಿಗೆ ಎಂಟು ಕಡೆಯಿಂದ ಹಕ್ಕುದಾರರು ಬಂದರು. ಗುರುವಿನ ಮಾತಿಗೆ ಹಕ್ಕುದಾರರು ಯಾರು ಎಂಬ ಪ್ರಶ್ನೆ ರಾಜಗೃಹದಲ್ಲಿ ಬಂತು. ಹಿರಿಯನಾದ ಮಹಾಕಾಶ್ಯಪ ಐನೂರು ಅರ್ಹಂತರ ಸಭೆ ಕೂಡಿಸಿದ. ಆನಂದ ಅರ್ಹಂತನಲ್ಲ. ಆದರೆ ಅವನಿಲ್ಲದೆ ಉಪದೇಶಗಳನ್ನು ಹೇಳುವವರಾರು?

ಸಭೆಯ ಹಿಂದಿನ ರಾತ್ರಿ ಆನಂದ ನಿದ್ರೆ ಮಾಡಲಿಲ್ಲ. ನಾಳೆ ಹೇಗೆ ಅವರೊಡನೆ ಕೂಡಲಿ ಎಂಬ ಸಂಕೋಚದಿಂದ ರಾತ್ರಿಯೆಲ್ಲ ಸಾಧನೆ ಮಾಡಿದ. ಬೆಳಗಿನ ಜಾವ ಸ್ವಲ್ಪ ಒರಗೋಣವೆಂದು ಹಾಸಿಗೆಗೆ ಬಾಗಿದ. ಕಾಲು ನೆಲದಿಂದ ಎದ್ದಿತ್ತು, ತಲೆ ದಿಂಬನ್ನು ಮುಟ್ಟಿರಲಿಲ್ಲ. ಆ ನಡುವಿನ ಕ್ಷಣದಲ್ಲಿ ಅವನಿಗೆ ಬಿಡುಗಡೆಯಾಯಿತೆಂದು ಪಾಳಿಗ್ರಂಥ ಹೇಳುತ್ತದೆ. ಒರಗಲು ಗುರುವೂ ಇಲ್ಲ, ಬಾಗಿಲೂ ಇಲ್ಲ, ದಿಂಬೂ ಇನ್ನೂ ಸಿಕ್ಕಿಲ್ಲ. ಇಪ್ಪತ್ತೈದು ವರ್ಷ ಗುರುವಿನ ಪಕ್ಕದಲ್ಲಿದ್ದಾಗ ಆಗದ್ದು ಅಂದು ಆಯಿತು.

ಮರುದಿನ ಉಪಾಲಿ ನಿಯಮಗಳನ್ನು ಹೇಳಿದ. ಪೂರ್ವಾಶ್ರಮದಲ್ಲಿ ಅವನು ಕ್ಷೌರಿಕ. ಆನಂದ ಉಪದೇಶಗಳನ್ನು ಹೇಳಿದ. ಒಂದೊಂದನ್ನೂ ನಾನು ಕೇಳಿದ್ದು ಹೀಗೆ ಎಂದು ಆರಂಭಿಸಿದ, ನನ್ನದೆಂದು ಹೇಳಲಿಲ್ಲ. ಆದರೂ ಸಭೆ ಅವನ ಮೇಲೆ ಆರೋಪಗಳನ್ನು ಹೊರಿಸಿತು. ಗುರುವಿನ ಬಟ್ಟೆ ಹೊಲಿಯುವಾಗ ಅದನ್ನು ತುಳಿದೆ. ಇನ್ನೂ ಬಹುಕಾಲ ಇರಿ ಎಂದು ಅವರನ್ನು ಬೇಡಲಿಲ್ಲ. ಅವರ ದೇಹಕ್ಕೆ ಮೊದಲು ಹೆಂಗಸರು ವಂದಿಸಲು ಬಿಟ್ಟೆ, ಅವರ ಕಣ್ಣೀರು ಬಿತ್ತು. ಹೆಂಗಸರಿಗೆ ದೀಕ್ಷೆ ಕೊಡಿಸಲು ಯತ್ನಿಸಿದೆ ಎಂಬಂಥ ಆರೋಪಗಳು. ತಾಯಂದಿರೇ, ಬುದ್ಧರ ಸಾಕುತಾಯಿ ಮಹಾಪ್ರಜಾಪತಿಯ ಪರವಾಗಿ ನಿಂತು ಬೇಡಿ, ಸ್ತ್ರೀಯರಿಗೆ ಸಂಘದ ಬಾಗಿಲು ತೆರೆಸಿದವನು ಈ ಆನಂದನೇ. ಅದನ್ನೇ ಅವನ ತಪ್ಪೆಂದರು! ಅವನು ಏನು ಮಾಡಿದ? ಒಂದೊಂದಕ್ಕೂ ತಾನು ಏಕೆ ಹಾಗೆ ಮಾಡಿದೆನೆಂದು ತಿಳಿಸಿದ. ಇದರಲ್ಲಿ ನನಗೆ ತಪ್ಪು ಕಾಣದು, ಆದರೂ ನಿಮ್ಮ ಮೇಲಿನ ಗೌರವದಿಂದ ಒಪ್ಪಿಕೊಳ್ಳುತ್ತೇನೆ ಎಂದ. ಸತ್ಯವನ್ನೂ ಬಿಡಲಿಲ್ಲ, ಸಂಘವನ್ನೂ ಒಡೆಯಲಿಲ್ಲ. ಬಾಗಿಲಿಗೆ ಒರಗಿ ಅತ್ತವನು ಈಗ ಸಭೆಯ ನಡುವೆ ನೆಟ್ಟಗೆ ನಿಂತಿದ್ದ. ಚುಂದನ ಬಗ್ಗೆ ಗುರು ತೋರಿದ ಮೃದುತನ ಅವನ ಮೈಗೂಡಿತ್ತು.

ಕುಶಿನಗರವು ಕಾಲಾಂತರದಲ್ಲಿ ಮಣ್ಣಿನಲ್ಲಿ ಮುಚ್ಚಿಹೋಯಿತು. ೧೮೭೬ರಲ್ಲಿ ಕಾರ್ಲೈಲ್ ಎಂಬ ಅಧಿಕಾರಿ ಅಗೆಸಿದಾಗ ಸುಮಾರು ಇಪ್ಪತ್ತು ಅಡಿ ಉದ್ದದ, ಒಡೆದು ಚೂರಾಗಿದ್ದ ಶಯನಮೂರ್ತಿ ಸಿಕ್ಕಿತು. ಅದನ್ನು ಜೋಡಿಸಿ ನಿಲ್ಲಿಸಿದ್ದಾರೆ. ಇಂದಿಗೂ ಉತ್ತರ ಪ್ರದೇಶದ ಆ ಊರಿನಲ್ಲಿ ನೋಡಬಹುದು. ಅಜಂತದ ಇಪ್ಪತ್ತಾರನೆಯ ಗುಹೆಯಲ್ಲಿಯೂ ಅಂಥದೇ ದೊಡ್ಡ ಶಿಲ್ಪವಿದೆ. ಮಲಗಿದ ಗುರುವಿನ ಕೆಳಗೆ ಶೋಕದಲ್ಲಿ ಮುಳುಗಿದ ಶಿಷ್ಯರ ಸಾಲಿದೆ. ಕಲ್ಲು ಒಡೆದರೆ ಜೋಡಿಸಬಹುದು. ಆದರೆ ಆ ಕಲ್ಲಿನ ಗುರು ಏನು ಹೇಳಿದರೆಂಬುದು ನಮಗೆ ತಿಳಿದಿರುವುದು ಅಳುತ್ತಿದ್ದ ಆ ಶಿಷ್ಯ ಕಣ್ಣೊರೆಸಿಕೊಂಡು ಎದ್ದು ಬಂದದ್ದರಿಂದ.

ಬಂಧುಗಳೇ, ಇನ್ನು ಯಾರು ದಿಕ್ಕು ಎಂದು ನೀವು ಕೇಳಿದಿರಿ. ಮಠದ ಪೀಠಕ್ಕೆ ಒಬ್ಬ ಉತ್ತರಾಧಿಕಾರಿ ಬರುತ್ತಾನೆ. ನಿಮ್ಮ ಅಂತರಂಗಕ್ಕೆ ನೀವೇ ಉತ್ತರಾಧಿಕಾರಿಗಳು. ನಮ್ಮ ಗುರುಗಳು ಏನನ್ನೂ ಬಚ್ಚಿಟ್ಟು ಹೋಗಲಿಲ್ಲ. ದುಡಿಯಿರಿ ಎಂದಿದ್ದರು, ಹಂಚಿಕೊಂಡು ಉಣ್ಣಿರಿ ಎಂದಿದ್ದರು, ಬಂದವರನ್ನು ಬಾಗಿಲಲ್ಲಿ ತಡೆಯಬೇಡಿರಿ ಎಂದಿದ್ದರು. ಇದರಲ್ಲಿ ನಮಗೆ ತಿಳಿಯದ್ದು ಯಾವುದಿದೆ? ಅತ್ತವರನ್ನು ನಾವು ಬೇಡವೆನ್ನುವುದಿಲ್ಲ, ನಾವೂ ಅತ್ತಿದ್ದೇವೆ. ಆದರೆ ನಿಮ್ಮ ಮನೆಗಳಲ್ಲಿ ಹಾಸಿಗೆ ಹಿಡಿದ ತಂದೆತಾಯಿಗಳಿದ್ದಾರೆ, ಹಿರಿಯರಿದ್ದಾರೆ. ಅವರು ಹೋದಮೇಲೆ ಗುಡಿ ಕಟ್ಟಿಸುವ ಯೋಚನೆ ಆಮೇಲೆ ಇರಲಿ. ಇಂದು ರಾತ್ರಿ ಮನೆಗೆ ಹೋಗಿ, ಅವರಿಗೆ ನೀರು ಬೇಕೇ ಎಂದು ಕೇಳಿ. ಒಂದೇ ಸಲಕ್ಕೆ ತಂದುಕೊಡಿ.